ಹುಣಸೆಹಣ್ಣಿಗೆ ಬೆಳಗಿದ ಲೈಟರು

ಆಗ ನನಗೆ ಅರವತ್ತಾರು ವರ್ಷ. ಮೂರು ವರ್ಷದ ಹಿಂದಿನ ಮಾತು. ಪಿರಿಯಾಪಟ್ಟಣದಿಂದ ಬೈಲಕುಪ್ಪೆ ಕಡೆಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ನಮ್ಮ ಊರು. ಊರಿಗೆ ಊರೇ ಹೊಗೆಸೊಪ್ಪು ಬೆಳೆಯುತ್ತದೆ. ನಾವೂ ಬೆಳೆಯುತ್ತೇವೆ. ಅದರ ಜೊತೆಗೆ ನಾನು ಸಿಗರೇಟ್ ಲೈಟರುಗಳನ್ನು ಕೂಡಿಡುತ್ತೇನೆ.

ಸೇದುತ್ತೀಯಾ ಅಂತ ಹೊಸಬರು ಕೇಳುತ್ತಾರೆ. ಇಲ್ಲ. ಒಂದು ಸಲ ಸೇದಿ ನೋಡಿದೆ, ಕೆಮ್ಮು ಬಂತು, ಬಿಟ್ಟೆ. ಮತ್ತೆ ಲೈಟರ್ ಯಾಕೆ ಅಂತ ಕೇಳುತ್ತಾರೆ. ಕೆಲವರು ತಟ್ಟೆ ಲೋಟ ಕೂಡಿಡುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ. ಮೊದಲನೆಯದು ಸೊಪ್ಪಿನ ವ್ಯಾಪಾರಿಯೊಬ್ಬ ನಮ್ಮ ಜಗುಲಿಯ ಮೇಲೆ ಮರೆತು ಹೋದದ್ದು. ಮುಚ್ಚಳ ಎಬ್ಬಿಸಿದರೆ ಟಣ್ ಅನ್ನುತ್ತಿತ್ತು. ಆ ಸದ್ದು ನನಗೆ ಹಿಡಿಸಿತು. ಅವನು ಹುಡುಕಿಕೊಂಡು ಬರಲಿಲ್ಲ, ನಾನೂ ಕೊಡಲು ಹೋಗಲಿಲ್ಲ. ಆಮೇಲೆ ಒಂದೊಂದಾಗಿ ಸೇರಿದವು. ಬೈಲಕುಪ್ಪೆಯ ಟಿಬೆಟಿನವರ ಅಂಗಡಿಯಲ್ಲಿ ಹಾವಿನಂಥ ಪ್ರಾಣಿಯ ಚಿತ್ರ ಕೆತ್ತಿದ್ದು ಸಿಕ್ಕಿತು. ಕೆ.ಆರ್. ನಗರದ ಸಂತೆಯಲ್ಲಿ ಹಳೇ ಕೋಟು ಕೊಂಡಾಗ ಅದರ ಒಳಜೇಬಿನಲ್ಲಿ ಒಂದಿತ್ತು. ಸರಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಲಯಾಳದ ಲಾರಿ ಡ್ರೈವರೊಬ್ಬ, ನಾನು ಕೊಟ್ಟ ಒಂದು ಡಬ್ಬಿ ಉಪ್ಪಿನಕಾಯಿಗೆ ಬದಲಾಗಿ, ಒತ್ತಿದರೆ ಹಾಡು ಹೇಳುವ ಲೈಟರ್ ಕೊಟ್ಟ. ಹಾಡು ಈಗ ನಿಂತುಹೋಗಿದೆ.

ನಮ್ಮ ಯಜಮಾನರಿಗೆ ಬೀಡಿಯ ಚಟ. ಮನೆ ತುಂಬ ಲೈಟರ್ ಇದ್ದರೂ ಅವರು ಬೆಂಕಿಪೊಟ್ಟಣವನ್ನೇ ಗೀರುತ್ತಿದ್ದರು. "ಸೇದೋನು ನಾನು, ಹಚ್ಚೋದು ನಿಂದು. ಇದ್ಯಾವ ಸೀಮೆ ಸಂಸಾರನೆ?" ಎಂದು ನಗುತ್ತಿದ್ದರು. ಅವರು ಹೋಗಿ ಬಹಳ ವರ್ಷವಾಯಿತು. ಬೀಡಿಯೇ ಕಾರಣ ಅಂದರು ಡಾಕ್ಟರು. ನನ್ನ ಲೈಟರುಗಳ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಲೈಟರುಗಳ ಪಕ್ಕಕ್ಕೆ ಸಿನಿಮಾದ ನಕಲಿ ಸಾಮಾನು ಬಂದು ಸೇರಿದ್ದು ಆಮೇಲೆ. ಎಚ್.ಡಿ. ಕೋಟೆಯ ಕಾಡಿನ ಕಡೆ ಆಗಾಗ ಶೂಟಿಂಗ್ ನಡೆಯುತ್ತದೆ. ಮುಗಿಸಿ ಹೋಗುವಾಗ ಸಿನಿಮಾದವರು ಬಿಸಾಕಿದ್ದನ್ನು ಹಂಪಾಪುರದ ಗುಜರಿಯವನು ತುಂಬಿಕೊಂಡು ಬರುತ್ತಾನೆ. ಅವನ ಹತ್ತಿರ ಮರದ ಪಿಸ್ತೂಲು ಕಂಡೆ. ದೂರದಿಂದ ನೋಡಿದರೆ ಎದೆ ಝಲ್ ಅನ್ನಬೇಕು, ಕೈಗೆ ತಗೊಂಡರೆ ಲಟ್ಟಣಿಗೆಗಿಂತ ಹಗುರ. ಅವತ್ತೇ ತಂದೆ. ಆಮೇಲೆ ಫೈಬರಿನ ಕಿರೀಟ, ಹತ್ತಿ ತುಂಬಿದ ಕೋಳಿ, ಬಾಗಿದರೂ ಮುರಿಯದ ರಬ್ಬರಿನ ಮಚ್ಚು. ನಕಲಿಯನ್ನು ಅಸಲಿ ಅನ್ನಿಸುವ ಹಾಗೆ ಮಾಡಲು ಎಷ್ಟು ಬೆವರು ಸುರಿಸಿರುತ್ತಾರೆ ಅಂತ ನೋಡುತ್ತ ಕೂರುವುದು ನನಗೆ ಇಷ್ಟ. ಎಲ್ಲ ನಡುಮನೆಯ ಗಾಜಿನ ಬೀರುವಿನಲ್ಲಿವೆ.

ನಮ್ಮ ಮನೆಯಲ್ಲಿ ಇನ್ನೊಬ್ಬ ಹೆಂಗಸಿದ್ದಾಳೆ, ನನ್ನ ವಾರಗಿತ್ತಿ. ದೊಡ್ಡ ಭಾವನವರ ಹೆಂಡತಿ. ನನಗಿಂತ ನಾಲ್ಕೈದು ವರ್ಷಕ್ಕೆ ಹಿರಿಯಳು, ಅಕ್ಕ ಎನ್ನುತ್ತೇನೆ. ಭಾವನವರೂ ಇಲ್ಲ. ಒಂದೇ ಸೂರು, ಒಂದೇ ಒಲೆ, ದಿನಕ್ಕೊಂದು ಜಗಳ. ದೇವರು ದಿಂಡಿರ ಲೆಕ್ಕವೆಲ್ಲ ಅವಳದ್ದು. ಹಣೆಯ ಮೇಲಿನ ಮೂರೆಳೆ ವಿಭೂತಿ ಬೆವರಿಗೂ ಅಳಿಸುವುದಿಲ್ಲ. ಹಿತ್ತಾಳೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ, ಬೆಳಗಿಯೇ ತೀರಬೇಕು.

ಆ ವರ್ಷ ನಮ್ಮೂರಿಗೇ ಸಿನಿಮಾ ಬಂತು. ಕೆರೆ ಏರಿಯ ಕೆಳಗೆ ಪಾಳುಬಿದ್ದ ಹಳೇ ಬ್ಯಾರನ್ ಒಂದಿದೆ. ಬ್ಯಾರನ್ ಅಂದರೆ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಎತ್ತರದ ಮನೆ. ಅಲ್ಲಿ ಶೂಟಿಂಗ್. ಹಳೇ ಕಾಲದ ಹೊಗೆಸೊಪ್ಪಿನ ಸಾಹುಕಾರನೊಬ್ಬನ ಕಥೆ. ಶೂಟಿಂಗಿಗೆ ಬೇಕಾದ ಸಾಮಾನು ಹೊಂದಿಸುವವನೊಬ್ಬ ಲಾಟೀನು, ತಕ್ಕಡಿ, ಟ್ರಂಕು ಕೇಳಿಕೊಂಡು ಮನೆಮನೆ ಅಲೆಯುತ್ತಿದ್ದ. ನಲವತ್ತು ದಾಟಿದವನು, ಮುಂದಲೆ ಬೋಳು, ಮಂಡ್ಯದ ಕಡೆಯವನು. ಯಾರೋ ನಮ್ಮ ಮನೆ ತೋರಿಸಿದರು. ಬೀರುವಿನ ಮುಂದೆ ಕುಕ್ಕರುಗಾಲಲ್ಲಿ ಕೂತವನು ಕಾಫಿ ಆರಿದರೂ ಏಳಲಿಲ್ಲ.

"ಇದು ಬೇಕು ಕಣವ್ವ" ಎಂದು ಒಂದನ್ನು ತೋರಿಸಿದ.

ಹಿತ್ತಾಳೆಯದು. ಪೆಟ್ರೋಲ್ ಹಾಕಿ ಗಾಲಿ ತಿರುಗಿಸಿದರೆ ಬತ್ತಿ ಹತ್ತಿಕೊಳ್ಳುವಂಥದು. ಕುಶಾಲನಗರದ ಸಂತೆಯಲ್ಲಿ ಮಿಲಿಟರಿಯಿಂದ ಬಂದ ಕೊಡವರ ಮುದುಕರೊಬ್ಬರು ಕೊಟ್ಟಿದ್ದರು. ಎಷ್ಟು ಜನರ ಕೈ ದಾಟಿತ್ತೋ, ಹಿತ್ತಾಳೆ ಅಂತ ಗೊತ್ತೇ ಆಗದಷ್ಟು ಕಪ್ಪಾಗಿತ್ತು. ನಾನೂ ಅದನ್ನು ಹಾಗೇ ಬಿಟ್ಟಿದ್ದೆ.

"ಕೊಡಾಕಿಲ್ಲ" ಎಂದೆ. "ಬೇಕಾದ್ರೆ ದಿನಾ ಬೆಳಿಗ್ಗೆ ಇಸ್ಕೊಂಡೋಗು, ಸಂಜೆ ತಂದುಕೊಡು. ರಾತ್ರಿ ಅದು ನಮ್ಮನೇಲೇ ಮನಗ್ಬೇಕು."

"ಎಣ್ಣು ಕೊಟ್ಟಂಗೆ ಮಾತಾಡ್ತೀಯಲ್ಲವ್ವ!"

"ಎಣ್ಣು ಕೊಡೋವಾಗ ಇಷ್ಟು ಯೋಚ್ನೆ ಮಾಡಿರ್ಲಿಲ್ಲ, ಓಗು."

ಅವನು ಒಪ್ಪಿದ. ಅದನ್ನೇ ನೋಡಿ ಎರಡು ನಕಲು ಮಾಡಿಸಿದ. ದೂರದಿಂದ ತೋರಿಸುವಾಗ ನಕಲು, ಹತ್ತಿರದಿಂದ ತೋರಿಸುವಾಗ ಅಸಲಿ. ಎರಡು ನಕಲಿನಲ್ಲಿ ಒಂದನ್ನು ಯಾರೋ ನೋಡದೆ ಗಾಡಿಯ ಚಕ್ರಕ್ಕೆ ಕೊಟ್ಟು ಅಪ್ಪಚ್ಚಿ ಮಾಡಿದರು. ಇನ್ನೊಂದನ್ನು ಸಾಹುಕಾರನ ವೇಷದವನು ಒಂದು ಸೀನಿನಲ್ಲಿ ಕೋಪದಿಂದ ಹೊಳೆಗೆ ಎಸೆದ, ಕಥೆಯಲ್ಲಿ ಅದು ಮತ್ತೆ ಸಿಗುತ್ತದೆ, ನಿಜದಲ್ಲಿ ಹೋಯಿತು. ಉಳಿದದ್ದು ನಮ್ಮದೇ. ಕೊನೆಯ ಸೀನು ಬಾಕಿ ಇತ್ತು. ಸಾಹುಕಾರ ಎಳೆ ಬಿಸಿಲಲ್ಲಿ ಬ್ಯಾರನ್ ಬಾಗಿಲಲ್ಲಿ ನಿಂತು ಲೈಟರ್ ಹಚ್ಚಿ ನೋಡಿ ಮಗಳ ಕೈಗೆ ಇಡಬೇಕು. ಅದನ್ನು ವಿಜಯದಶಮಿಯ ಬೆಳಿಗ್ಗೆ ತೆಗೆಯುವುದು ಅಂತ ಗೊತ್ತುಮಾಡಿ, ಹಬ್ಬಕ್ಕೆ ಎಲ್ಲರೂ ರಜ ಹಾಕಿದರು. ಲೈಟರ್ ನಮ್ಮ ಬೀರುವಿನಲ್ಲಿ ಉಳಿಯಿತು.

ರಜಕ್ಕೆ ಮುಂಚೆ ಆ ಸಾಮಾನಿನವನು ನಮ್ಮ ಜಗುಲಿಯಲ್ಲಿ ಕೂತು ಸಂಕಟ ಹೇಳಿಕೊಂಡಿದ್ದ. ಇಷ್ಟು ವರ್ಷ ಇನ್ನೊಬ್ಬರ ಕೈಕೆಳಗೆ ಗೋಡೆಗೆ ಬಣ್ಣ ಬಳಿದವನು, ಸಾಮಾನಿನ ಜವಾಬ್ದಾರಿಯೆಲ್ಲ ಅವನೊಬ್ಬನದೇ ಆಗಿದ್ದು ಇದೇ ಮೊದಲ ಸಿನಿಮಾ. ಒಂದು ಸೀನಿನಲ್ಲಿ ಲಾಟೀನಿನ ಗಾಜು ಒಡೆದಿತ್ತು, ಅದೇ ಲಾಟೀನು ಮುಂದಿನ ಸೀನಿನಲ್ಲಿ ಹೊಸ ಗಾಜು ಹಾಕಿಕೊಂಡು ಬಂತು. ಡೈರೆಕ್ಟರು ಎಲ್ಲರ ಮುಂದೆ ಬೈದು, ಇನ್ನೊಂದು ಸಲ ಹೀಗಾದರೆ ಗಂಟು ಮೂಟೆ ಕಟ್ಟು ಅಂದಿದ್ದರಂತೆ. "ಇಲ್ಲಿಂದ ಓಡಿಸಿದ್ರೆ ಇನ್ಯಾರೂ ಕರೆಯಾಕಿಲ್ಲ ಕಣವ್ವ, ವಾಪಸ್ ಬಣ್ಣದ ಡಬ್ಬನೇ ಗತಿ" ಎಂದ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಇನ್ನೊಂದು ಲೋಟ ಕಾಫಿ ಕೊಟ್ಟೆ.

ಆಯುಧ ಪೂಜೆಯ ದಿನ ಬಂತು. ಬೆಳಿಗ್ಗೆ ನಾನು ಹೊಲದ ಕಡೆ ಹೋಗಿದ್ದೆ. ನಮ್ಮ ಬ್ಯಾರನ್‌ಗೆ ಬೆಂಕಿ ಹಾಕಿ ಆಗಲೇ ಕೆಲವು ದಿನ ಆಗಿತ್ತು. ಬೆಂಕಿ ಹಾಕಿದ ಮೇಲೆ ಸೊಪ್ಪು ಹದಕ್ಕೆ ಬರುವ ತನಕ ಆರಿಸುವ ಹಾಗಿಲ್ಲ, ಹಬ್ಬವಿರಲಿ ಹುಣ್ಣಿಮೆಯಿರಲಿ. ಮಗನಿಗೆ ಊಟ ಕೊಟ್ಟು ವಾಪಸ್ ಬರುವಷ್ಟರಲ್ಲಿ ನಡುಮನೆಯಲ್ಲಿ ಪೂಜೆ ಮುಗಿದಿತ್ತು. ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಕ್ಯಾನು, ಸೊಸೆಯ ಹೊಲಿಗೆ ಮಿಷನ್ನು ಸಾಲಾಗಿದ್ದವು. ಪಕ್ಕದಲ್ಲಿ ನನ್ನ ಬೀರುವಿನ ಸಾಮಾನು. ಮರದ ಪಿಸ್ತೂಲಿಗೆ ವಿಭೂತಿ, ರಬ್ಬರ್ ಮಚ್ಚಿಗೆ ಕುಂಕುಮ, ಹತ್ತಿ ಕೋಳಿಯ ಕುತ್ತಿಗೆಗೂ ಒಂದೆಳೆ ಸೇವಂತಿಗೆ. ವರ್ಷಾ ವರ್ಷಾ ನಾನೇ ಬಟ್ಟೆಯಲ್ಲಿ ಒರೆಸಿ ಅವನ್ನು ಕೂರಿಸುತ್ತಿದ್ದೆ. ಈ ಸಲ ನಾನು ತಡ ಮಾಡಿದೆನೆಂದು ಅಕ್ಕ ತಾನೇ ಕೂರಿಸಿದ್ದಳು. ಬರೀ ಒರೆಸಿ ಅಲ್ಲ.

ಲೈಟರುಗಳ ನಡುವೆ ಒಂದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಇದ್ಯಾವುದು ಹೊಸದು ಅಂತ ನಾನೇ ಒಂದು ಗಳಿಗೆ ನೋಡಿದೆ.

"ಎಂಗದೆ?" ಎಂದಳು ಅಕ್ಕ. ಕಲಶ, ದೀಪದ ಕಂಬ ಬೆಳಗುವಾಗ ಅದನ್ನೂ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದ್ದಳು. "ಸಿನ್ಮಾದಲ್ಲಿ ಮಾಡೋ ವಸ್ತು, ಕರಿ ಮೋರೆ ಇಟ್ಕಂಡು ಓದ್ರೆ ನಮ್ಮನೆ ಮಾನ ಏನಾಗ್ಬೇಕು? ಇದೇನು ಹಿತ್ತಾಳೆನೋ ಇದ್ಲೋ ಅಂತ ಜನ ಕೇಳಾಕಿಲ್ವಾ?"

ಅವಳಿಗೆ ಹೇಗೆ ಹೇಳುವುದು ಅಂತ ನಾನು ನಿಂತಿರುವಾಗಲೇ ಬೈಕಿನ ಸದ್ದಾಯಿತು. ಅವನೇ. ನಾಳೆ ಬೆಳಿಗ್ಗೆ ಲೈಟರ್ ಬೇಕು ಅಂತ ನೆನಪಿಸಲು ಬಂದಿದ್ದ. ನಗುತ್ತ ಒಳಗೆ ಬಂದವನು ಪೂಜೆಯ ಸಾಲು ನೋಡಿದ. ನಗು ನಿಂತಿತು.

"ಅವ್ವಾ... ಅದು ಅದೇನಾ?"

"ಅದೇ ಕಣಪ್ಪ" ಎಂದಳು ಅಕ್ಕ. "ನಾನೇ ಬೆಳಗ್ದೆ. ಮುಖ ನೋಡ್ಕೋಬೋದು, ಬೇಕಾದ್ರೆ ನೋಡು."

ಅವನು ಹಾಗೇ ಕಂಬಕ್ಕೆ ಒರಗಿ ಕೂತುಬಿಟ್ಟ. ಫೋನು ತೆಗೆದು ಹಿಂದಿನ ಸೀನುಗಳ ಫೋಟೋ ತೋರಿಸಿದ. ಎಲ್ಲದರಲ್ಲೂ ಲೈಟರ್ ಕಪ್ಪು. ಈಗ ಸಾಹುಕಾರ ಕಪ್ಪು ಲೈಟರ್ ಜೇಬಿಗಿಟ್ಟು ಬಂಗಾರದ ಲೈಟರ್ ಹೊರಗೆ ತೆಗೆದರೆ, ಡೈರೆಕ್ಟರು ಇವನನ್ನು ಮನೆಗೆ ಕಳಿಸುತ್ತಾರೆ. ಅಕ್ಕನಿಗೆ ಆಗ ಅರ್ಥವಾಯಿತು. ಮುಖ ಚಿಕ್ಕದಾಯಿತು. ಆದರೂ ಬಾಯಿ ಚಿಕ್ಕದಾಗಲಿಲ್ಲ.

"ಕಪ್ಪಗಿರೋದ್ನೇ ಬೇಕು ಅಂತ ಯಾರಾದ್ರೂ ಕೇಳ್ತಾರಾ ಮಗ? ಎಣ್ಣು ನೋಡೋಕ್ಕೋದಾಗ್ಲೂ ಕೇಳಾಕಿಲ್ಲ."

ಅವನು ಲೈಟರಿಗೆ ಕೈ ಹಾಕಿದ. ರೂಮಿಗೆ ಒಯ್ದು ಏನಾದರೂ ಬಳಿದು ನೋಡುತ್ತೇನೆ ಎಂದ. ಅಕ್ಕ ಅಡ್ಡ ಬಂದಳು.

"ಏ ಏ, ಪೂಜೆಗಿಟ್ಟಿರೋದ ಇವತ್ತು ಎತ್ತಂಗಿಲ್ಲ! ನಾಳೆ ಬೆಳಿಗ್ಗೆ ಕಾಯಿ ಒಡೆದ ಮೇಲೇ."

"ನಾಳೆ ಎಳೆಬಿಸ್ಲಿಗೇ ಶೂಟಿಂಗ್ ಅದೆ ಕಣ್ ದೊಡ್ಡವ್ವ! ನಾಳೆ ಎತ್ಕೊಂಡು ಯಾವಾಗ ಬಳೀಲಿ?"

"ಅದು ನಂಗೊತ್ತಿಲ್ಲ. ಬ್ಯಾರನ್‌ನಲ್ಲಿ ಸೊಪ್ಪು ಬೇಯ್ತಾ ಅದೆ. ನಮ್ಮ ಮಾವ ಒಂದ್ಸಲ ಹಿಂಗೇ ಪೂಜೆ ದಿವ್ಸ ಗುದ್ದಲಿ ಎತ್ಕೊಂಡೋಗಿ ಬ್ಯಾರನ್ನೇ ಸುಟ್ಕಂಡ್ರು."

ಬ್ಯಾರನ್ ಸುಟ್ಟದ್ದು ನಿಜ. ಗುದ್ದಲಿಯಿಂದ ಸುಟ್ಟಿತು ಅಂತ ನಾನು ನಂಬುವುದಿಲ್ಲ, ಒಣಗಿದ ಎಲೆ ಬೆಂಕಿಯ ಕಾವು ಹಾಯುವ ಕೊಳವೆಯ ಮೇಲೆ ಬಿದ್ದು ಸುಟ್ಟಿತು. ಆದರೆ ಆ ದಿನ ಲೈಟರ್ ಎತ್ತಿಕೊಟ್ಟು, ಆಮೇಲೆ ಒಂದೇ ಒಂದು ಎಲೆ ಕರಕಲಾದರೂ ಸಾಯುವ ತನಕ ಅಕ್ಕನ ಬಾಯಲ್ಲಿ ನಾನು ಇರಬೇಕಾಗುತ್ತಿತ್ತು. ಅದು ಬೇಡ. ಆ ಮನುಷ್ಯ ನನ್ನ ಮುಖ ನೋಡಿದ. ಬಿಟ್ಟರೆ ಅತ್ತುಬಿಡುತ್ತಿದ್ದ. ಗಂಡಸರು ಅತ್ತರೆ ನನಗೆ ಏನು ಮಾಡಬೇಕೋ ತೋಚುವುದಿಲ್ಲ, ಸಿಟ್ಟು ಬರುತ್ತದೆ.

"ಎತ್ತಂಗಿಲ್ಲ, ಸರಿ" ಎಂದೆ ಅಕ್ಕನಿಗೆ. "ಕೂತಿರೋ ಜಾಗದಲ್ಲೇ ಅರಿಶಿನ ಹಚ್ಬೋದಾ?"

"ಹಚ್ಬೋದು."

"ಇಬೂತಿ ಹಚ್ಬೋದಾ?"

"ಹಚ್ಲೇಬೇಕು."

"ಹಂಗಾರೆ ಹೊಗೆಸೊಪ್ಪಿನ ಅಂಟು ಯಾಕ್ ಹಚ್ಬಾರ್ದು? ನಾವು ಉಣ್ಣೋ ಅನ್ನ ಬರೋದೇ ಅದ್ರಿಂದ."

ಇಂಥ ಪ್ರಶ್ನೆಯನ್ನು ಯಾರೂ ಅಕ್ಕನಿಗೆ ಕೇಳಿರಲಿಲ್ಲ. ದೇವರ ಫೋಟೋದ ಕಡೆ ನೋಡಿ, "ಹಚ್ಚು, ಎತ್ಬೇಡ" ಎಂದಳು.

ಹಸಿ ಸೊಪ್ಪು ಮುರಿದು ಕಡ್ಡಿಗೆ ಕಟ್ಟುವವರ ಕೈ ನೋಡಿದವರಿಗೆ ಈ ಅಂಟು ಗೊತ್ತಿರುತ್ತದೆ. ಮೊದಲು ಹಸಿರು, ಗಾಳಿಗೆ ಕಂದು, ಆಮೇಲೆ ಟಾರಿನ ಹಾಗೆ ಕಪ್ಪು. ಸೋಪಿಗೆ ಹೋಗುವುದಿಲ್ಲ, ಉಂಡೆಯುಂಡೆಯಾಗಿ ಕೆರೆದು ತೆಗೆಯಬೇಕು. ನಮ್ಮ ಮನೆಗೆ ಸೊಪ್ಪು ಕಟ್ಟಲು ಬರುವ ಹೆಂಗಸರು ಹಬ್ಬದ ಬಾಗಿನಕ್ಕೆ ಅಂತ ಅದೇ ಹೊತ್ತಿಗೆ ಬಂದರು. ಹಿಂದಿನ ದಿನವೆಲ್ಲ ಬೇರೆಯವರ ಸೊಪ್ಪು ಕಟ್ಟಿದ್ದ ಕೈಗಳು, ಹಬ್ಬದ ಸೀರೆಯ ಸೆರಗಿನ ಅಡಿ ಕರ್ರಗಿದ್ದವು. ನಾನು ಎಲ್ಲರನ್ನೂ ಒಳಗೆ ಕರೆದು ಲೈಟರ್ ಮುಂದೆ ಕೂರಿಸಿದೆ.

"ಇದಕ್ಕೆ ಕೈ ಉಜ್ರವ್ವ. ಎತ್ಬೇಡಿ, ಉಜ್ಜಿ."

"ಅಯ್ಯೋ ಎಂಗೈತೆ ನೋಡು, ಬೆಳಗಿರೋದಕ್ಕೆ ಮಸಿ ಉಜ್ಜು ಅಂತಾಳೆ. ತಲೆ ನೆಟ್ಟಗೈತಾ ಇವಳ್ಗೆ?" ಎಂದಳೊಬ್ಬಳು.

"ಸಿನ್ಮಾದಲ್ಲಿ ಬತ್ತದೆ ಕಣೆ ಇದು. ನಿನ್ ಕೈದೇ ಮಸಿ."

ಅಷ್ಟು ಸಾಕಾಯಿತು. "ಹಂಗಾದ್ರೆ ನಂದೊಂದ್ ಬೆಳ್ಳು", "ಏಯ್ ಸರ್ಕೊಳೆ, ನಿಂದು ಬರೀ ಗೋರಂಟಿ, ಅಂಟೆಲ್ಲಿ ಅದೆ?" ಎನ್ನುತ್ತ ಮೈಮೇಲೆ ಬಿದ್ದು ಉಜ್ಜಿದರು. ಅವನೂ ಮೊಣಕಾಲೂರಿ ಕೂತು, ಫೋನಿನ ಫೋಟೋ ನೋಡುತ್ತ, "ಇಲ್ಲಿ ಕಮ್ಮಿ... ಅಂಚಿಗೆ ಬ್ಯಾಡ... ಮುಚ್ಚಳದ ಸಂದಿಗೆ ಇನ್ನೊಸಿ" ಎಂದು ಹೇಳುತ್ತಿದ್ದ. ಕಂದು ಬಣ್ಣ ಬಂತು. ಕಪ್ಪು ಬರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಅವನ ಮುಖ ಮತ್ತೆ ಬಾಡಿತು.

ಅಲ್ಲಿಗೆ ನನ್ನ ತಲೆ ಖಾಲಿ. ಮುಂದಿನದು ಹೊಳೆದದ್ದು ಅಕ್ಕನಿಗೆ. ಹರಿವಾಣದಲ್ಲಿ ಕರ್ಪೂರ ಹಾಕಿಕೊಂಡು ಬಂದು ಹಚ್ಚಿದಳು.

"ಮಂಗಳಾರತಿ ಮಾಡ್ಬ್ಯಾಡ ಅಂತ ಯಾರೂ ಹೇಳಾಕಿಲ್ಲ. ಸರ್ಕಳ್ಳಿ."

ಕರ್ಪೂರದ ಹೊಗೆ ಎಂಥದು ಅಂತ ದೇವರ ಮನೆಯ ತೊಲೆ ನೋಡಿದರೆ ಗೊತ್ತಾಗುತ್ತದೆ. ಅಕ್ಕ ಹರಿವಾಣವನ್ನು ಲೈಟರಿಗೆ ತಾಗುವಷ್ಟು ಹತ್ತಿರ ಹಿಡಿದು ಎತ್ತಿದಳು, ಇಳಿಸಿದಳು. ಮಸಿ ಅಂಟಿನ ಮೇಲೆ ಕೂತಿತು. ಕರ್ಪೂರ ಆರಿತು, ಮತ್ತೆ ಹಚ್ಚಿದಳು. ಒಬ್ಬಳು ಗಂಟೆ ಬಾರಿಸಿದಳು. ಪಿಸ್ತೂಲಿಗೆ, ಕೋಳಿಗೆ, ಮಚ್ಚಿಗೆ ಒಂದೂ ಇಲ್ಲ, ಇಡೀ ಮಂಗಳಾರತಿ ಒಂದು ಲೈಟರಿಗೆ. ಬೀದಿಯಲ್ಲಿ ಹೋಗುತ್ತಿದ್ದವರು ನಮ್ಮ ಮನೆಯಲ್ಲಿ ಏನೋ ದೊಡ್ಡ ಪೂಜೆ ಅಂದುಕೊಂಡು ಚಪ್ಪಲಿ ಬಿಟ್ಟು ಬಂದು ಕೈಮುಗಿದು, ಪ್ರಸಾದ ಎಲ್ಲಿ ಎಂದರು. ಸೊಸೆ ಇದ್ದ ಕಡಲೆಪುರಿಯನ್ನೇ ಹಂಚಿದಳು.

ಅವನು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಎತ್ತದೆ, ಅಂಚುಗಳನ್ನು ಮೆಲ್ಲಗೆ ಒರೆಸಿದ. ಫೋನನ್ನು ಪಕ್ಕಕ್ಕೆ ಹಿಡಿದ. ನಾನು ನೋಡಿದೆ. ಫೋಟೋದಲ್ಲಿ ಇದ್ದದ್ದೂ ನೆಲದ ಮೇಲೆ ಇದ್ದದ್ದೂ ಒಂದೇ.

"ಎಂಗದೆ?" ಎಂದಳು ಅಕ್ಕ, ಬೆಳಿಗ್ಗೆ ಕೇಳಿದ ದನಿಯಲ್ಲೇ.

ಅವನು ಅವಳ ಕಾಲಿಗೆ ಬಿದ್ದ. ಅವಳು, "ಏಳಪ್ಪ, ನಾನೇ ಕೆಡಿಸ್ದೋಳು, ನಂಗ್ಯಾಕೆ ಬೀಳ್ತೀಯ" ಎಂದು ಬೈದಳು. ಆದರೂ ಕಾಲು ಹಿಂದಕ್ಕೆ ತೆಗೆಯಲಿಲ್ಲ.

ಅಷ್ಟಾದರೂ ಡೈರೆಕ್ಟರ ಕಣ್ಣು ಬಾಕಿ ಇತ್ತು. ಕ್ಯಾಮೆರಾದಲ್ಲಿ ಬೇರೆ ಥರ ಕಾಣುತ್ತದೆ, ಎಳೆ ಬಿಸಿಲು ಬಿದ್ದರೆ ಅಂಟು ಮಿನುಗಬಹುದು ಎಂದು ಹೇಳುತ್ತಲೇ ಅವನು ಬೈಕ್ ಹತ್ತಿದ. ಲೈಟರನ್ನು ನಾನೇ ತರುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಅಕ್ಕ ಕೋಳಿ ಕೂಗುವ ಮೊದಲೇ ಎದ್ದು ಕಾಯಿ ಒಡೆದಳು. ನಾನು ಲೈಟರ್ ಎತ್ತಿ, ಮಗನ ಬೈಕಿನಿಂದ ಒಂದು ಮುಚ್ಚಳ ಪೆಟ್ರೋಲ್ ಬಗ್ಗಿಸಿ ತುಂಬಿ, ಬಾಳೆಲೆಯಲ್ಲಿ ಸುತ್ತಿಕೊಂಡು ಕೆರೆ ಏರಿಯ ಕೆಳಗೆ ಹೋದೆ. ಅಕ್ಕನೂ ಬಂದಳು, ಹೊಸ ಸೀರೆಯುಟ್ಟು. ಡೈರೆಕ್ಟರು ಲೈಟರ್ ಇಸಕೊಂಡರು. ತಿರುಗಿಸಿ ನೋಡಿದರು. ಮೂಗಿನ ಹತ್ತಿರ ಹಿಡಿದು, "ಏನಿದು, ಪೂಜೆ ವಾಸನೆ?" ಎಂದರು. ಪಕ್ಕದಲ್ಲಿದ್ದ ಸಾಮಾನಿನವನು ನನ್ನ ಕಡೆ ನೋಡಿದ. "ಹಬ್ಬ ಅಲ್ವಾ ಸಾ" ಎಂದೆ. ಅವರು ತಲೆಯಾಡಿಸಿ ಸಾಹುಕಾರನ ವೇಷದವನ ಕೈಗೆ ಕೊಟ್ಟರು. ಅವನು ಬಿಸಿಲಿಗೆ ನಿಂತು ಗಾಲಿ ತಿರುಗಿಸಿದ. ಮೊದಲ ಸಲಕ್ಕೆ ಹತ್ತಲಿಲ್ಲ. ಎರಡನೆಯ ಸಲಕ್ಕೆ ಹತ್ತಿತು. ಡೈರೆಕ್ಟರು ಟಿವಿಯಂಥ ಪೆಟ್ಟಿಗೆಯನ್ನು ನೋಡುತ್ತ ಕೂತಿದ್ದವರು, "ಓಕೆ, ಚೆನ್ನಾಗಿದೆ" ಎಂದರು. ಆಮೇಲೆ ಸಾಮಾನಿನವನ ಕಡೆ ತಿರುಗಿ, ಮುಂದಿನ ಸಿನಿಮಾದ ಕೆಲಸ ಮಾತಾಡಬೇಕು, ಮಧ್ಯಾಹ್ನ ಸಿಗು ಎಂದರು. ಅವನು ಬ್ಯಾರನ್ ಗೋಡೆಯ ಮರೆಗೆ ಹೋಗಿ ಮುಖ ತೊಳೆದುಕೊಂಡು ಬಂದ. ನಾನು ನೋಡದ ಹಾಗೆ ಇದ್ದೆ. ಅಕ್ಕ ಸಾಹುಕಾರನ ವೇಷದವನ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು, ಏಳಿಸಲು ಯಾರಿಗೂ ಧೈರ್ಯವಿರಲಿಲ್ಲ. ಅವಳನ್ನು ಅಲ್ಲೇ ಬಿಟ್ಟು, ಲೈಟರ್ ಇಸಕೊಂಡು ಸೊಂಟಕ್ಕೆ ಸಿಕ್ಕಿಸಿ, ಮನೆಗೂ ಹೋಗದೆ ನೇರ ಹೊಲಕ್ಕೆ ನಡೆದೆ. ಸೊಪ್ಪು ಹದಕ್ಕೆ ಬಂದಿತ್ತು. ಸೆರಗು ಬಿಗಿದು, ಬ್ಯಾರನ್ ಬಾಗಿಲು ತೆಗೆದು, ಮಗ ಮೇಲಿನಿಂದ ಇಳಿಸಿಕೊಟ್ಟ ಕಡ್ಡಿಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತ ನಿಂತೆ.